ಕಾಲಿಗೆ ಸವರಿದ ಮಣ್ಣು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ನನಗೆ ಒಪ್ಪಿಗೆಯಾಗದ ಮಾತಾಡಿದರೆ ಎರಡೂ ತೋರುಬೆರಳು ಎತ್ತಿ ಗಾಳಿಯಲ್ಲಿ ಒಂದು ಚೌಕ ಬರೆಯುತ್ತೇನೆ. ಟೀವಿಯಲ್ಲಿ ಅಂಪೈರುಗಳು ಬರೆಯುತ್ತಾರಲ್ಲ, ಅದೇ ಚೌಕ. ಈ ತೀರ್ಪು ಮತ್ತೊಮ್ಮೆ ಪರಿಶೀಲನೆಗೆ ಹೋಗಲಿ ಎಂದು ಅದರ ಅರ್ಥ. ಬಸ್ ಕಂಡಕ್ಟರ್ ಮುಂದೆ ಬರೆದಿದ್ದೇನೆ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೇ ಬರೆದಿದ್ದೇನೆ. ಒಮ್ಮೆ ಸಾವಿನ ಮನೆಯಲ್ಲಿ, ತೀರಿಕೊಂಡವರಿಗೆ ಎಂಬತ್ತೆರಡು ವಯಸ್ಸು ಎಂದು ಯಾರೋ ಹೇಳಿದರು. ಎಂಬತ್ತನಾಲ್ಕು ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಕೈ ತಾನಾಗಿ ಮೇಲೆದ್ದಿತು. ಪಕ್ಕದಲ್ಲಿದ್ದ ಹೆಂಡತಿ ಪದ್ಮ ಹಿಡಿದು ಇಳಿಸಿದಳು.

ಮೊನ್ನೆ ಊಟಕ್ಕೆ ಕೂತಾಗಲೂ ಹಾಗೇ ಆಯಿತು. ಸಾರಿಗೆ ಉಪ್ಪು ಕಡಿಮೆ ಎಂದೆ, ಸರಿಯಾಗಿದೆ ಎಂದಳು, ನಾನು ಚೌಕ ಬರೆದೆ. ಅವಳು ಸೌಟಿನಿಂದ ಎರಡು ಹನಿ ಅಂಗೈಗೆ ಹಾಕಿಕೊಂಡು ರುಚಿ ನೋಡಿ, "ಉಪ್ಪು ಸರಿಯಾಗಿದೆ. ನಿಮ್ಮ ರಿವ್ಯೂ ಹೋಯ್ತು. ಇವತ್ತಿಗೆ ಇನ್ನೊಂದಿಲ್ಲ," ಅಂದಳು. ಊಟ ಮುಗಿಯುವವರೆಗೆ ಮಜ್ಜಿಗೆಯ ಬಗ್ಗೆಯೂ ಪಲ್ಯದ ಬಗ್ಗೆಯೂ ನಾನು ಬಾಯಿ ಬಿಡುವಂತಿರಲಿಲ್ಲ.

ಈ ಅಭ್ಯಾಸ ನನಗೆ ಅಂಟಿದ್ದು ದರ್ಶಿನಿಯಲ್ಲಿ. ನಮ್ಮ ಚಂದ್ರಾ ಲೇಔಟಿನ ದರ್ಶಿನಿಯೊಂದರಲ್ಲಿ ಕೈ ತೊಳೆಯುವ ಬೇಸಿನ್ನಿನ ಪಕ್ಕದ ಎತ್ತರದ ಮೇಜು ನಮ್ಮದು. ನಮ್ಮದು ಎಂದರೆ ಮೂವರದು: ನಾನು, ಬ್ಯಾಂಕಿನಿಂದ ನಿವೃತ್ತರಾದ ರಾಯರು, ಅತ್ತಿಗುಪ್ಪೆಯ ಹಳೇ ಒಕ್ಕಲು ಮನೆತನದ ನಂಜುಂಡಪ್ಪ. ಈಗ ಮೆಟ್ರೋ ಓಡುವ ಕಡೆ ನಂಜುಂಡಪ್ಪನ ತಾತ ರಾಗಿ ಬೆಳೆಯುತ್ತಿದ್ದರಂತೆ. ಆದ್ದರಿಂದ ರೈಲು ಎರಡು ನಿಮಿಷ ತಡವಾದರೂ ಅವನು ಸ್ವಂತ ಹೊಲಕ್ಕೆ ದನ ನುಗ್ಗಿದವರ ಹಾಗೆ ಮಾತಾಡುತ್ತಾನೆ.

ದೇಶದಲ್ಲಿ ಎಲ್ಲೇ ಕಬಡ್ಡಿ ನಡೆಯಲಿ, ಕ್ರಿಕೆಟ್ ನಡೆಯಲಿ, ತೀರ್ಪು ಕೊನೆಯದಾಗುವುದು ನಮ್ಮ ಮೇಜಿನ ಮೇಲೆ. ಟೀವಿ ಇರುವುದು ದೋಸೆ ಕಲ್ಲಿನ ಮೇಲ್ಗಡೆ. ಎಣ್ಣೆ ಹೊಗೆ ಹಿಡಿದು ಪರದೆ ಮಸುಕಾಗಿದೆ. ಕಲ್ಲಿಗೆ ನೀರು ಚಿಮುಕಿಸಿದಾಗ ಏಳುವ ಆವಿಯಲ್ಲಿ ಅರ್ಧ ಅಂಕಣ ಕಾಣುವುದೇ ಇಲ್ಲ. ಆದರೂ ರೆಫರಿ ತಪ್ಪು ಮಾಡಿದ್ದು ಮಾತ್ರ ನಮಗೆ ಸ್ಪಷ್ಟವಾಗಿ ಕಾಣುತ್ತದೆ.

ಕೋಚುಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಪಾಪ, ಅವರು ವರ್ಷವಿಡೀ ಹುಡುಗರ ಜೊತೆಗೇ ಇರುತ್ತಾರೆ. ಯಾರ ಮೊಣಕಾಲು ನೋಯುತ್ತಿದೆ, ಯಾರಿಗೆ ಜ್ವರ ಬಂದು ಹೋಗಿದೆ, ಯಾರು ಮನೆಯ ಚಿಂತೆಯಲ್ಲಿದ್ದಾರೆ ಎಲ್ಲವೂ ತಿಳಿದಿರುತ್ತದೆ. ಇಷ್ಟೆಲ್ಲ ತಿಳಿದುಕೊಂಡ ಮನುಷ್ಯ ಸರಿಯಾದ ತೀರ್ಮಾನ ತೆಗೆದುಕೊಳ್ಳುವುದು ಹೇಗೆ? ನಮಗೆ ಅಂಥ ಅಡಚಣೆಗಳಿಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂಬುದು ಬೈಟೂ ಕಾಫಿ ಆರುವುದರೊಳಗೆ ತೀರ್ಮಾನವಾಗಿಬಿಡುತ್ತದೆ. ಕೋಚ್ ನಮ್ಮ ಮಾತು ಕೇಳದೆ ಗೆದ್ದರೆ ಅದು ಅವನ ಅದೃಷ್ಟ, ಸೋತರೆ ನಾವು ಮೊದಲೇ ಹೇಳಿದ್ದೆವು.

ರೆಫರಿಗಳ ವಿಷಯದಲ್ಲಿ ನಮ್ಮ ತನಿಖೆ ಇನ್ನೂ ಆಳ. "ಆ ರೆಫರಿ ಯಾವೂರೋನು ಕೇಳು ಮೊದ್ಲು," ಎಂದು ನಂಜುಂಡಪ್ಪ ಶುರು ಮಾಡುತ್ತಾನೆ.

"ಊರು ಬಿಡಯ್ಯಾ, ಅವನ ಅತ್ತೆ ಮನೆ ಯಾವೂರು? ಅದು ಮುಖ್ಯ," ಎಂದು ರಾಯರು ಮುಂದುವರಿಸುತ್ತಾರೆ.

ಒಂದು ದಿನ ಹೀಗೇ ಒಬ್ಬ ರೆಫರಿಯ ವಂಶವೃಕ್ಷ ಬಿಡಿಸುತ್ತಿದ್ದಾಗ, ಪಾರ್ಸೆಲ್ ಕೌಂಟರಿನ ಹತ್ತಿರ ನಿಂತಿದ್ದ ಬಸವರಾಜ ನಮ್ಮ ಕಡೆ ತಿರುಗಿದ. ಬಾಗಲಕೋಟೆ ಕಡೆಯವನು, ಮೂವತ್ತರ ಆಸುಪಾಸು. ಬೈಕಿನಲ್ಲಿ ಊಟದ ಪಾರ್ಸೆಲ್ ಒಯ್ದು ಕೊಡುವ ಕೆಲಸ. ದಿನಾ ನಮ್ಮ ಮಾತು ಕೇಳಿ ಮುಗುಳ್ನಗುವುದಷ್ಟೇ ಅವನ ಪಾಲಿನದಾಗಿತ್ತು. ಅವತ್ತು ಬಾಯಿ ತೆರೆದ.

"ಸರ, ನೀವು ಕಬಡ್ಡಿ ಆಡೀರೇನ್ರಿ?"

ನಂಜುಂಡಪ್ಪ ಹಣೆ ಚಚ್ಚಿಕೊಂಡ. "ಆಡಿದಾನಾ ಅಂತ ಕೇಳ್ತಾನಲ್ಲಪ್ಪ. ಹೇಳೋ ಸೀನ, ಆ ಗಂಗಣ್ಣನ ಮೋಸದ ಕತೆ ಹೇಳು. ನಮಗೂ ಇನ್ನೊಂದ್ಸಲ ಆಗ್ಲಿ."

ನಾನು ಹೇಳಿದೆ. ನಿಮಗೂ ಹೇಳುತ್ತೇನೆ.

ಬಿನ್ನಿಪೇಟೆಯ ಮಿಲ್ಲಿನ ಕೆಲಸಗಾರರ ಮನೆಗಳ ಹಿಂದೆ ಒಂದು ಬಯಲಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಅಪ್ಪ ಮಿಲ್ಲಿನಲ್ಲಿ ಮಗ್ಗದ ಮೇಲಿದ್ದರು. ಕೆಲಸ ಮುಗಿಸಿ ಬಂದಾಗ ಅವರ ಹುಬ್ಬು, ಕಿವಿ, ಎದೆಯ ಕೂದಲಲ್ಲೆಲ್ಲ ಹತ್ತಿಯ ಎಳೆ. ಅಮ್ಮ ಎಷ್ಟು ಕೊಡವಿದರೂ ಒಂದೆರಡು ಎಳೆ ನಮ್ಮ ತಟ್ಟೆಗೂ ಬರುತ್ತಿದ್ದವು. ನನ್ನ ಹೊಟ್ಟೆಯಲ್ಲಿ ಈಗಲೂ ಒಂದು ಕರವಸ್ತ್ರಕ್ಕಾಗುವಷ್ಟು ನೂಲಿದೆ ಎಂದು ನನ್ನ ನಂಬಿಕೆ. ಗಂಗಣ್ಣ ಅಪ್ಪನ ಜೊತೆಗಾರರು, ಅದೇ ಪಾಳಿ, ಪಕ್ಕದ ಮಗ್ಗ. ಇಬ್ಬರೂ ಮಿಲ್ಲಿನ ಗೇಟಿನ ಹತ್ತಿರ ದಿನಾ ಒಟ್ಟಿಗೆ ಟೀ ಕುಡಿಯುತ್ತಿದ್ದರು. ಮಗ್ಗದ ಸದ್ದಿನಲ್ಲಿ ಕಿವಿ ಮಂದವಾಗಿ, ಟೀ ಅಂಗಡಿಯಲ್ಲೂ ಒಬ್ಬರಿಗೊಬ್ಬರು ಕೂಗಿಯೇ ಮಾತಾಡುತ್ತಿದ್ದರು. ನೋಡುವವರಿಗೆ ಜಗಳ ಅನ್ನಿಸಬೇಕು.

ಭಾನುವಾರ ಬಂದರೆ ಗಂಗಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಯಲಿಗೆ ಬರುತ್ತಿದ್ದರು. ಮಿಲ್ಲಿನಲ್ಲಿ ಉಳಿದ ನೂಲನ್ನೇ ಹುರಿ ಮಾಡಿ ಅದಕ್ಕೆ ಸೀಟಿ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಕಬಡ್ಡಿಗೆ ಅವರೇ ರೆಫರಿ. ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಎಳೆಯುವವರೂ ಅವರೇ. ಆಟ ಮುಗಿಯುವ ಹೊತ್ತಿಗೆ ಆ ಬಿಳಿ ಶರ್ಟು ಕೆಮ್ಮಣ್ಣಿನ ಬಣ್ಣಕ್ಕೆ ಬಂದಿರುತ್ತಿತ್ತು.

ನನಗಾಗ ಹದಿನೇಳು. ಮಾಗಡಿ ರಸ್ತೆ ಕಡೆಯ ತಂಡದ ಮೇಲೆ ಫೈನಲ್ ಪಂದ್ಯ. ನಾವು ಒಂದು ಅಂಕ ಮುಂದಿದ್ದೆವು. ನಮ್ಮ ಕಡೆ ಅಂಕಣದಲ್ಲಿ ಉಳಿದವನು ನಾನೊಬ್ಬನೇ. ಅವರ ಕೊನೆಯ ರೈಡರ್ ಕಬಡ್ಡಿ ಕಬಡ್ಡಿ ಎನ್ನುತ್ತಾ ಬಂದ. ಅವನು ನನ್ನನ್ನು ಮುಟ್ಟಿ ಹಿಂದಿರುಗಿದರೆ ಇಡೀ ತಂಡ ಔಟಾದ ಹೆಚ್ಚಿನ ಅಂಕವೂ ಸೇರಿ ಪಂದ್ಯ ಅವರದು, ಮುಟ್ಟದೆ ಹೋದರೆ ನಮ್ಮದು. ಅವನು ಹಿಂದಕ್ಕೊಮ್ಮೆ ಕಾಲು ಬೀಸಿ ಒದ್ದು, ತಿರುಗಿ ಓಡಿ, ನಡುಗೆರೆ ದಾಟಿ ಕೈ ಎತ್ತಿದ. ಮುಟ್ಟಿದೆ ಎಂದ. ಇಲ್ಲ ಎಂದೆ. ಗಂಗಣ್ಣ ನನ್ನನ್ನು ನೋಡಿದರು. ಆಮೇಲೆ ಸೀಟಿ ಊದಿ, ನನ್ನ ಕಡೆ ಕೈ ತೋರಿಸಿ, ಅದೇ ಕೈಯನ್ನು ಗೆರೆಯಾಚೆಗೆ ಚಾಚಿದರು. ಔಟ್.

ದರ್ಶಿನಿಯಲ್ಲಿ ನಾನು ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ. ಅವನ ಕಾಲಿಗೂ ನನ್ನ ಕಾಲಿಗೂ ಇದ್ದ ದೂರವೇ ಅದರ ಜೀವಾಳ. ಆ ದೂರ ಮೊದಮೊದಲು ನಾಲ್ಕು ಬೆರಳಿನಷ್ಟಿತ್ತು. ನನ್ನ ಮದುವೆಯ ಹೊತ್ತಿಗೆ ಒಂದು ಗೇಣಾಯಿತು. ಈಗ ಒಂದು ಮೊಳ ದಾಟಿದೆ. ಇನ್ನು ಹತ್ತು ವರ್ಷ ಬದುಕಿದರೆ ಆ ರೈಡರ್ ನಮ್ಮ ಅಂಕಣಕ್ಕೇ ಬಂದಿರಲಿಲ್ಲ ಎಂದಾಗುತ್ತದೆ.

ನಿಮಗೆ ನಿಜ ಹೇಳಿಬಿಡುತ್ತೇನೆ. ಮುಟ್ಟಿತ್ತು.

ಅವನ ಹೆಬ್ಬೆರಳಿನ ಉಗುರು ನನ್ನ ಎಡಗಾಲಿನ ಮೀನಖಂಡವನ್ನು ಗೀಚಿಕೊಂಡು ಹೋಗಿತ್ತು. ಮೂರು ಬೆರಳಷ್ಟು ಉದ್ದದ ಗೆರೆ, ಅದರ ಮೇಲೆ ರಕ್ತ ಸಣ್ಣಗೆ ಜಿನುಗುತ್ತಿತ್ತು. ಗಂಗಣ್ಣ ಸೀಟಿ ಊದುವ ಮೊದಲೇ ನಾನು ಬಗ್ಗಿ ಒಂದು ಹಿಡಿ ಕೆಮ್ಮಣ್ಣು ತೆಗೆದು ಗಾಯದ ಮೇಲೆ ಸವರಿಬಿಟ್ಟೆ. ಕಬಡ್ಡಿ ಆಡುವವರೆಲ್ಲ ಮಣ್ಣು ಸವರಿಕೊಳ್ಳುತ್ತಾರೆ, ಬೆವರಿದ ಅಂಗೈಗೆ, ಹಿಡಿತ ಜಾರದಿರಲಿ ಎಂದು. ಕಾಲಿಗೆ ಸವರಿಕೊಂಡವನನ್ನು ನಾನು ಕಂಡಿಲ್ಲ. ಆ ಗಾಬರಿಯಲ್ಲಿ ಅದು ನನಗೆ ಹೊಳೆಯಲಿಲ್ಲ.

ನಾನು ಮೋಸ ಮೋಸ ಎಂದು ಕೂಗಿದೆ. ನಮ್ಮ ಕಡೆಯವರು ಒಳಗೆ ನುಗ್ಗಿದರು. ಯಾರೋ ಗಂಗಣ್ಣನ ಶರ್ಟಿಗೆ ಕೈ ಹಾಕಿದರು, ಜೇಬು ಹರಿಯಿತು, ನೂಲಿನ ಹುರಿ ತುಂಡಾಗಿ ಸೀಟಿ ಮಣ್ಣಿಗೆ ಬಿತ್ತು. ಅವರು ಅದನ್ನು ಹುಡುಕುತ್ತಾ ಬಗ್ಗಿದ್ದಾಗಲೇ ಅಪ್ಪ ನನ್ನ ಹತ್ತಿರ ಬಂದರು.

"ಮುಟ್ತೇನೋ?" ಎಂದರು.

"ಇಲ್ಲಪ್ಪ," ಎಂದೆ.

ಅಪ್ಪ ಎರಡನೇ ಸಲ ಕೇಳಲಿಲ್ಲ. ಕೆಲವು ದಿನಗಳಲ್ಲೇ ಗಂಗಣ್ಣನ ಜೊತೆ ಟೀ ಕುಡಿಯುವುದನ್ನು ಬಿಟ್ಟರು. ಮಿಲ್ಲು ಮುಚ್ಚುವವರೆಗೂ ಪಕ್ಕಪಕ್ಕದ ಮಗ್ಗದಲ್ಲಿ ನಿಂತು ಕೆಲಸ ಮಾಡಿದರು, ಮಾತು ಮಾತ್ರ ಇರಲಿಲ್ಲ. ಗಂಗಣ್ಣ ಮತ್ತೆ ಯಾವ ಪಂದ್ಯಕ್ಕೂ ಸೀಟಿ ಊದಲಿಲ್ಲ. ಅಪ್ಪ ತೀರಿಕೊಂಡ ದಿನ ಬಂದು, ನಮ್ಮ ಮನೆ ಗೇಟಿನ ಹತ್ತಿರವೇ ನಿಂತು ಕೈ ಮುಗಿದು ಹೋದರು. ಅವತ್ತೂ ನಾನು ಬಾಯಿ ಬಿಡಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ನಾಚಿಕೆ ಏಳದಿರಲಿ ಎಂದೇ ಕತೆಯನ್ನು ಅಷ್ಟು ಜೋರಾಗಿ ಹೇಳುತ್ತಾ ಬಂದೆನೋ ಏನೋ.

ಗಂಗಣ್ಣ ಈಗ ಮಗಳ ಜೊತೆ ಅತ್ತಿಗುಪ್ಪೆಯಲ್ಲಿದ್ದಾರೆ. ಬೆಳಿಗ್ಗೆ ನಾನು ಹೋಗುವ ಪಾರ್ಕಿಗೇ ನಡೆಯಲು ಬರುತ್ತಾರೆ. ನಾನು ಅದಕ್ಕೊಂದು ಉಪಾಯ ಕಂಡುಕೊಂಡಿದ್ದೆ. ಅವರು ಎಡದಿಂದ ಸುತ್ತಿದರೆ ನಾನೂ ಎಡದಿಂದ, ಅರ್ಧ ಸುತ್ತು ಹಿಂದೆ. ಎದುರಾಗುವ ಪ್ರಶ್ನೆಯೇ ಇಲ್ಲ. ಅವರ ನಡಿಗೆ ವರ್ಷದಿಂದ ವರ್ಷಕ್ಕೆ ನಿಧಾನವಾಗಿ, ಅವರನ್ನು ಹಿಂದಿಕ್ಕದಿರಲು ನಾನು ಆಗಾಗ ನಿಂತು ಗಿಡಗಳನ್ನು ನೋಡಬೇಕಾಗುತ್ತಿತ್ತು. ಶ್ರೀನಿವಾಸ್ ಅವರಿಗೆ ಹೂವು ಗಿಡ ಅಂದರೆ ಬಹಳ ಪ್ರೀತಿ ಎಂದು ಪಾರ್ಕಿನಲ್ಲಿ ನನಗೊಂದು ಹೆಸರೂ ಬಂದಿದೆ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಮೈದಾನದಲ್ಲಿ ಕಬಡ್ಡಿ ಇಟ್ಟರು. ಫೈನಲ್ಲಿಗೆ ಬಂದದ್ದು ಅತ್ತಿಗುಪ್ಪೆಯ ತಂಡ ಮತ್ತು ಪಾರ್ಸೆಲ್ ಒಯ್ಯುವವರ ತಂಡ. ಅತ್ತಿಗುಪ್ಪೆಗೆ ಕೋಚು, ಮ್ಯಾನೇಜರು, ಬಾಳೆಹಣ್ಣು ಹಂಚುವವನು ಎಲ್ಲವೂ ನಂಜುಂಡಪ್ಪ. ಇನ್ನೊಂದರಲ್ಲಿ ನಮ್ಮ ಬಸವರಾಜ. ಕೆಂಗೇರಿಯಿಂದ ಬರಬೇಕಿದ್ದ ರೆಫರಿಯ ಬೈಕು ದಾರಿಯಲ್ಲಿ ಕೆಟ್ಟು ನಿಂತಿತು. ನಂಜುಂಡಪ್ಪ ಮೈಕು ಕಿತ್ತುಕೊಂಡ.

"ಚಿಂತೆ ಬೇಡ. ಟೀವಿಲಿ ಬರೋ ರೆಫರಿಗಳ್ನೇ ತಿದ್ದೋರು ನಮ್ಮ ಮಧ್ಯೆ ಇದಾರೆ. ಸೀನ, ಬಾರಪ್ಪ."

ಹೀಗೆ ಸೀಟಿ ನನ್ನ ಕೊರಳಿಗೆ ಬಂತು. ರೆಫರಿಗಳು ಎಲ್ಲಿ ತಪ್ಪುತ್ತಾರೆ ಎಂದು ಐದು ನಿಮಿಷದಲ್ಲಿ ತಿಳಿಯಿತು. ಹದಿನಾಲ್ಕು ಜನ, ಇಪ್ಪತ್ತೆಂಟು ಕಾಲು, ಎಲ್ಲವೂ ಒಂದೇ ಸಲ ಅಲುಗುತ್ತವೆ. ಮನುಷ್ಯನಿಗಿರುವುದು ಎರಡು ಕಣ್ಣು, ನನಗೆ ಅದರಲ್ಲಿ ಒಂದಕ್ಕೆ ಪೊರೆ. ಮೈದಾನದ ಪಕ್ಕದ ಮನೆಯ ಎರಡನೇ ಮಹಡಿಯ ಬಾಲ್ಕನಿಯಿಂದ ಒಬ್ಬರು, "ರೆಫರಿ ಅಂಕಲ್, ಕನ್ನಡಕ ಒರೆಸ್ಕೊಳಿ," ಎಂದರು. ರಾಯರು ಪಕ್ಕದವರಿಗೆ ನನ್ನ ಅತ್ತೆ ಮನೆ ಯಾವೂರು ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಪದ್ಮ ನಾನು ಕೊಟ್ಟ ಎರಡು ತೀರ್ಪಿಗೆ ಗಾಳಿಯಲ್ಲಿ ಚೌಕ ಬರೆದಳು.

ಕೊನೆಯ ನಿಮಿಷ, ಅಂಕ ಸಮ. ಅತ್ತಿಗುಪ್ಪೆಯ ರೈಡರ್ ಬಂದ, ಬಸವರಾಜನ ಕಡೆ ಕಾಲು ಬೀಸಿದ, ಓಡಿಹೋಗಿ ನಡುಗೆರೆ ದಾಟಿ ಕೈ ಎತ್ತಿದ. ಆ ಕ್ಷಣದಲ್ಲಿ ನಾನು ಸೀಟಿಯ ದಾರವನ್ನು ಕನ್ನಡಕದ ದಾರದಿಂದ ಬಿಡಿಸುತ್ತಿದ್ದೆ. ಏನೇನೂ ನೋಡಿರಲಿಲ್ಲ. ನಂಜುಂಡಪ್ಪ ಬಾಳೆಹಣ್ಣಿನ ಗೊನೆ ಬಿಟ್ಟು ಓಡಿಬಂದು ಔಟ್ ಔಟ್ ಎಂದು ಕಿವಿಯ ಹತ್ತಿರ ಅರಚಿದ. ಅವನ ಅರಚಾಟಕ್ಕೆ ಸಿಟ್ಟು ಬಂತು. ನಾಟ್ ಔಟ್ ಎಂದೆ. ಆ ತೀರ್ಪಿಗೆ ಬೇರೆ ಯಾವ ಆಧಾರವೂ ಇರಲಿಲ್ಲ.

ಪಾರ್ಸೆಲ್ ತಂಡದವರು ಕುಣಿದರು. ಅವರ ನಡುವಿನಿಂದ ಬಸವರಾಜ ಕೈ ಎತ್ತಿದ. "ಮುಟ್ಯಾನ್ರಿ ಸರ. ನಾ ಔಟ್ ಅದೀನ್ರಿ."

"ಏ ಬಸ್ಯಾ, ಸರ ನಾಟ್ ಔಟ್ ಕೊಟ್ಟಾರಲ್ಲೋ. ಸುಮ್ನ ನಿಂದ್ರು," ಎಂದು ಅವನ ತಂಡದವನೊಬ್ಬ ತೋಳು ಹಿಡಿದು ಎಳೆದ.

"ನನ್ನ ಕಾಲ್ ನನಗ ಗೊತ್ತಾಗಂಗಿಲ್ಲೇನ್ಲೇ?" ಎಂದು ಬಸವರಾಜ ಕೈ ಬಿಡಿಸಿಕೊಂಡು ಗೆರೆ ದಾಟಿ ಹೊರಗೆ ಹೋಗಿ ಕೂತ. ಒಂದು ಅಂಕದಿಂದ ಅವರು ಸೋತರು.

ಬಹುಮಾನ ಹಂಚುವ ಗಲಾಟೆಯಲ್ಲಿ ಅವನು ಮೈಯ ಮಣ್ಣು ತೊಳೆದುಕೊಂಡು ಕೆಲಸದ ಟೀ ಶರ್ಟು ಹಾಕಿಕೊಳ್ಳುತ್ತಿದ್ದ. ನಾನು ಹತ್ತಿರ ಹೋಗಿ, ನಾನು ನಾಟ್ ಔಟ್ ಕೊಟ್ಟಾಗಿತ್ತಲ್ಲಪ್ಪ, ಯಾಕೆ ಹೇಳಿದೆ ಎಂದು ಕೇಳಿದೆ. ಇದೆಂಥಾ ಪ್ರಶ್ನೆ ಎಂಬಂತೆ ನೋಡಿದ.

"ಔಟ್ ಆದ್ರ ಹೊರಗ ಕುಂದರೂದು ಸರ. ಅದ್ರಾಗ ಏನೈತ್ರಿ?"

ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ನಾನು ಕೊರಳಲ್ಲಿ ಸೀಟಿ ತೂಗಾಡಿಸಿಕೊಂಡೇ ಮನೆಗೆ ಬಂದೆ.

ಮಾರನೇ ದಿನ ಭಾನುವಾರ. ಪಾರ್ಕಿನಲ್ಲಿ ನಾನು ಬಲದಿಂದ ಸುತ್ತಿದೆ. ಅರ್ಧ ಸುತ್ತಿಗೇ ಗಂಗಣ್ಣ ಎದುರಾದರು. ಕೋಲು ಊರಿ ನಿಂತು ಕಣ್ಣು ಕಿರಿದು ಮಾಡಿದರು.

"ಯಾರು, ಸೀನನಾ? ನಿನ್ನೆ ಸೀಟಿ ಊದ್ದೆಯಂತೆ."

"ಗಂಗಣ್ಣ, ಮುಟ್ಟಿತ್ತು," ಎಂದೆ. ಅವರ ಕಿವಿ ಮಂದವೆಂದು ನೆನಪಾಗಿ ಇನ್ನೊಮ್ಮೆ ಜೋರಾಗಿ ಹೇಳಿದೆ. ಪಾರ್ಕಿನಲ್ಲಿ ಪ್ರಾಣಾಯಾಮ ಮಾಡುತ್ತಿದ್ದವರೆಲ್ಲ ಕಣ್ಣು ಬಿಟ್ಟರು.

ಯಾವತ್ತು, ಯಾವ ಪಂದ್ಯ ಎಂದು ಅವರು ಕೇಳಲಿಲ್ಲ. ಪಕ್ಕದ ಕಲ್ಲು ಬೆಂಚಿನ ಮೇಲೆ ಕೂತರು. "ಖಂಡಿತಾ ಮುಟ್ಟಿತ್ತಾ?"

"ಉಗುರು ಗೀಚಿತ್ತು. ರಕ್ತ ಬಂದಿತ್ತು."

ಅವರು ತಲೆ ಆಡಿಸಿದರು. ಆಮೇಲೆ ಹೇಳಿದರು: "ನಾನು ನೋಡಿರ್ಲಿಲ್ಲ ಕಣೋ. ಅವನು ಒದ್ದಿದ್ದು ಧೂಳಲ್ಲಿ ಕಾಣ್ಲಿಲ್ಲ. ನೀನು ಬಗ್ಗಿ ಕಾಲಿಗೆ ಮಣ್ಣು ಸವರ್ಕೊಂಡ್ಯಲ್ಲ, ಅದನ್ನ ನೋಡ್ದೆ. ಕೈಗಾದ್ರೆ ಸರಿ, ಕಾಲಿಗ್ಯಾಕೆ ಸವರ್ದ ಅಂತ ಔಟ್ ಕೊಟ್ಬಿಟ್ಟೆ. ಮನೆಗೆ ಹೋದ್ಮೇಲೆ ಅನುಮಾನ ಬಂತು. ಸೊಳ್ಳೆ ಕಚ್ಚಿದ್ರೂ ಸವರ್ಕೋಬೋದಲ್ವಾ? ನವೆ ಆಗಿರ್ಬೋದಲ್ವಾ? ಕಣ್ಣಾರೆ ನೋಡದೆ ಹುಡುಗನಿಗೆ ಅನ್ಯಾಯ ಮಾಡಿದ್ನೇನೋ ಅಂತ. ಅದಕ್ಕೇ ಸೀಟಿ ಮೂಲೆಗಿಟ್ಟೆ."

ಅವರು ಕೋಲನ್ನು ಬೆಂಚಿಗೆ ಒರಗಿಸಿ ಮುಂದುವರಿಸಿದರು.

"ನಿಮ್ಮಪ್ಪ ಒಂದಿನ ಮಿಲ್ ಗೇಟ್ ಹತ್ರ ನಿಲ್ಲಿಸಿ ಕೇಳಿದ್ರು, ನೀನು ಕಣ್ಣಾರೆ ನೋಡಿದ್ಯಾ ಗಂಗಣ್ಣ, ಅಂತ. ಇಲ್ಲ ಅಂತ ನಿಜ ಹೇಳ್ದೆ. ಆಮೇಲೆ ಅವರು ಟೀಗೆ ಕರೀಲಿಲ್ಲ."

ನಲವತ್ತು ವರ್ಷ. ನಾನು ಅವರ ಮೋಸದ ಕತೆ ಹೇಳಿಕೊಂಡು ಊರೆಲ್ಲ ಕಾಫಿ ಕುಡಿದಿದ್ದೆ. ಅವರು ಒಂದು ಸೊಳ್ಳೆಯ ಬಗ್ಗೆ ಯೋಚಿಸುತ್ತಾ ಕಳೆದಿದ್ದರು. ತಪ್ಪಾಯ್ತು ಗಂಗಣ್ಣ ಎಂದೆ. ಅಳು ಬಂತು. ಅಪ್ಪನಿಗೆ ಹೇಳುವುದು ಉಳಿದೇ ಹೋಯಿತು ಎಂದೆ. ಅವರು ಕೋಲೂರಿ ಎದ್ದರು.

"ನಡಿ, ಕಾಫಿ ಕುಡಿಸು. ಯಾವುದೋ ದರ್ಶಿನಿಲಿ ದಿನಾ ನನ್ನ ಕತೆ ಹೇಳ್ತೀಯಂತಲ್ಲ, ಅಲ್ಲಿಗೇ ಹೋಗೋಣ."

ಬೇಸಿನ್ ಪಕ್ಕದ ಮೇಜಿನಲ್ಲಿ ನಂಜುಂಡಪ್ಪ, ರಾಯರು ಇಬ್ಬರೂ ಇದ್ದರು. ಪಾರ್ಸೆಲ್ ಕೌಂಟರಿನಲ್ಲಿ ಬಸವರಾಜ ಕಾಯುತ್ತಿದ್ದ. ಇವರು ಗಂಗಣ್ಣ ಎಂದು ನಾನು ಪರಿಚಯ ಮಾಡಿಸಿದಾಗ ಇಬ್ಬರ ಮುಖವೂ ಬಿಗಿಯಿತು. ನಾನು ಕಾಫಿ ಲೋಟ ಹಿಡಿದುಕೊಂಡು ಎಲ್ಲ ಹೇಳಿದೆ. ಉಗುರು, ರಕ್ತ, ಮಣ್ಣು, ಅಪ್ಪನಿಗೆ ಹೇಳಿದ ಸುಳ್ಳು.

ರಾಯರು ಮೊದಲು ಬಾಯಿ ತೆರೆದರು. "ಒಂದು ಮೊಳ ದೂರ ಇತ್ತು ಅಂತ ನೀವೇ ಹೇಳಿದ್ದಲ್ಲ ಶ್ರೀನಿವಾಸ್? ನೂರು ಸಲ ಹೇಳಿದೀರಿ."

"ಸುಳ್ಳು ಹೇಳ್ತಿದ್ದೆ ರಾಯರೇ."

"ಆಗ ಸುಳ್ಳೋ ಈಗ ಸುಳ್ಳೋ, ನೋಡ್ಬೇಕಲ್ಲ," ಎಂದ ನಂಜುಂಡಪ್ಪ. "ವಯಸ್ಸಾದೋರ್ನ ನೋಡಿ ಇವನಿಗೆ ಕರುಳು ಕರಗಿದೆ, ಅಷ್ಟೇ. ನಲವತ್ತು ವರ್ಷದ ಹಿಂದಿನ ಮಾತು, ನಿಂಗೇನೋ ನೆನಪಿರತ್ತೆ? ಕೇಳ್ದೋರು ನಾವು. ನಮಗೆ ಪ್ರತಿಯೊಂದೂ ನೆನಪಿದೆ."

"ಮುಟ್ಟಿದ್ದು ನನ್ನ ಕಾಲಿಗೆ ಕಣೋ."

"ನಿನ್ನ ಕಾಲು ಅಂದ್ಮಾತ್ರಕ್ಕೆ ನೀನು ಹೇಳಿದ್ದೇ ಆಗ್ಬಿಡತ್ತಾ?" ಎಂದು ಅವನು ಎರಡು ಬೆರಳೆತ್ತಿ ಗಾಳಿಯಲ್ಲಿ ಚೌಕ ಬರೆದ. ರಾಯರು ಕಣ್ಣು ಮುಚ್ಚಿ, ದೋಸೆ ಕಲ್ಲಿನ ಆವಿಯಾಚೆ ಆ ಬಯಲನ್ನೇ ನೋಡುತ್ತಿರುವವರಂತೆ ಕ್ಷಣ ಯೋಚಿಸಿ, ತೀರ್ಪು ಕೊಟ್ಟರು: ನಾಟ್ ಔಟ್. ಆಮೇಲೆ ಗಂಗಣ್ಣನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಬೇಜಾರ್ ಮಾಡ್ಕೋಬೇಡಿ ಸಾರ್. ಆಗ ಕ್ಯಾಮೆರಾ ಎಲ್ಲಾ ಎಲ್ಲಿತ್ತು? ತಪ್ಪಾಗತ್ತೆ. ನಾವು ಕ್ಷಮಿಸಿಬಿಟ್ಟಿದೀವಿ," ಎಂದರು.

ಗಂಗಣ್ಣ ಲೋಟವನ್ನು ಮೇಜಿನ ಮೇಲಿಟ್ಟು ತುಟಿ ಒರೆಸಿಕೊಂಡರು. ಬೆನ್ನು ನೆಟ್ಟಗೆ ಮಾಡಿದರು. ನನ್ನ ಕಡೆ ಕೈ ತೋರಿಸಿ, ಅದೇ ಕೈಯನ್ನು ಬಾಗಿಲಾಚೆಗೆ ಚಾಚಿದರು. ಆ ಬಯಲಿನಲ್ಲಿ ಚಾಚಿದ ಹಾಗೆಯೇ. ಈ ಸಲ ಆ ಕೈಯಲ್ಲಿ ಅನುಮಾನ ಇರಲಿಲ್ಲ.

ನಾನು ಅರ್ಧ ಕುಡಿದ ಕಾಫಿ ಅಲ್ಲೇ ಬಿಟ್ಟು, ಮೆಟ್ಟಿಲಿಳಿದು, ಬೈಕುಗಳು ನಿಂತ ಫುಟ್‌ಪಾತಿಗೆ ಹೋದೆ. ಒಳಗೆ ನಂಜುಂಡಪ್ಪ ಇದು ಅನ್ಯಾಯ ಎಂದು ಜೋರಾಗಿ ಹೇಳುತ್ತಿದ್ದ. ಪಾರ್ಸೆಲ್ ಹಿಡಿದು ಹೊರಗೆ ಬಂದ ಬಸವರಾಜ ನನ್ನನ್ನು ಒಮ್ಮೆ ನೋಡಿ, ತನ್ನ ಬೈಕಿನ ಸೀಟಿನ ಮೇಲಿದ್ದ ಚೀಲ ಸರಿಸಿ ಜಾಗ ಮಾಡಿದ.

"ಕುಂದರ್ರಿ ಸರ," ಎಂದ.

ಕೂತೆ.